ಗೇಟಿನ ಆ್ಯಪ್‌ನಲ್ಲಿ ಇಲ್ಲದ ಕಾಲಂ

ದಿನಾಂಕ: ಗೌರಿ ಹಬ್ಬ, ಬೆಳಿಗ್ಗೆ ತಿಂಡಿಯ ನಂತರ

ಇಂದ,
ಚಿಕ್ಕಬೈರಪ್ಪ ಬಿನ್ ಲೇಟ್ ದೊಡ್ಡಬೈರಪ್ಪ,
ವಯಸ್ಸು ಎಪ್ಪತ್ತೊಂದು, ಹಿಂದೆ ಬೇಸಾಯ, ಈಗ ಮೂರು ಮನೆಗೆ ಮಾಲೀಕ,
ಹಳೇ ಊರು, ಜರಗನಹಳ್ಳಿ, ಬೆಂಗಳೂರು.

ಗೆ,
ಶ್ರೀ ನಂದಕುಮಾರ್ ಅವರು,
ಕಾರ್ಯದರ್ಶಿಗಳು, ಮೂನ್‌ಲೀಫ್ ಫಾರ್ಮ್ಸ್ ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘ.
(ಫಾರ್ಮ್ ಎಂದರೆ ಹೊಲ ಎಂದು ಮೊಮ್ಮಗಳು ತಿಳಿಸಿದ್ದಾಳೆ. ಹೊಲ ಅರ್ಜಿದಾರನದಾಗಿತ್ತು, ಹೆಸರು ತಮ್ಮದು.)

ವಿಷಯ: ದಿನನಿತ್ಯದ ಬದುಕಿಗೆ ಉಪಯುಕ್ತವಾದ ಮೊಬೈಲ್ ಆ್ಯಪ್‌ಗಳನ್ನು ಶಿಫಾರಸು ಮಾಡುವ ಬಗ್ಗೆ, ಹಾಗೂ ಅದೇ ಉಸಿರಿನಲ್ಲಿ, ಬರುವ ಮಹಾಲಯ ಅಮಾವಾಸ್ಯೆಯೊಳಗೆ ಅರ್ಜಿದಾರನನ್ನು ಅವನ ಹೆಂಡತಿಯ ಸಮಾಧಿಯವರೆಗೆ ಬಿಡುವ ಬಗ್ಗೆ.

ಉಲ್ಲೇಖ: 1) ತಮ್ಮ ಗೇಟಿಗೆ ಅಂಟಿಸಿರುವ ಪ್ರಕಟಣೆ: "ಗಣೇಶೋತ್ಸವದ ಸ್ಮರಣ ಸಂಚಿಕೆಗಾಗಿ, ನಿಮ್ಮ ದಿನನಿತ್ಯವನ್ನು ಸುಲಭಗೊಳಿಸಿದ ಆ್ಯಪ್‌ಗಳನ್ನು ಶಿಫಾರಸು ಮಾಡಿ. ನೆರೆಹೊರೆಯ ಹಿರಿಯರಿಗೂ ಸ್ವಾಗತ."
2) ಶ್ರಾವಣದ ಅಮಾವಾಸ್ಯೆಯ ಬೆಳಿಗ್ಗೆ ತಾವು ಕಾರಿನ ಗಾಜನ್ನು ನಾಲ್ಕು ಬೆರಳು ಇಳಿಸಿ ಆಡಿದ ಮಾತು.

ಮಾನ್ಯರೇ,

ಅರ್ಜಿಯಲ್ಲಿ "ನಾನು" ಎಂದು ಬರೆದರೆ ಗುಮಾಸ್ತರು ತಲೆ ಎತ್ತುವುದಿಲ್ಲ, "ಅರ್ಜಿದಾರ" ಎಂದು ಬರೆದರೆ ಕುರ್ಚಿ ತೋರಿಸದಿದ್ದರೂ ಕಾಗದವನ್ನಾದರೂ ಮುಟ್ಟುತ್ತಾರೆ ಎಂಬುದನ್ನು ಚಿಕ್ಕಬೈರಪ್ಪ ಪಹಣಿ, ಪೋಡಿ, ಖಾತೆ ಎಂದು ಮೂವತ್ತು ವರ್ಷ ಕಚೇರಿಗಳ ಮೆಟ್ಟಿಲು ಸವೆಸಿ ಕಲಿತಿದ್ದಾನೆ. ಆದ್ದರಿಂದ ಈ ಅರ್ಜಿಯಲ್ಲಿ ಅವನು ಎಲ್ಲಿಯೂ "ನಾನು" ಆಗಿ ಬರುವುದಿಲ್ಲ. ಅರ್ಜಿದಾರನಾಗಿಯೇ ಬರುತ್ತಾನೆ, ಅರ್ಜಿದಾರನಾಗಿಯೇ ಹೋಗುತ್ತಾನೆ.

ಉಲ್ಲೇಖ ಒಂದರ ಪ್ರಕಟಣೆಯನ್ನು ಅರ್ಜಿದಾರ ಹದಿನೇಳು ಸಲ ಓದಿದ್ದಾನೆ. ಅಷ್ಟು ಆಸಕ್ತಿಯೇ ಎಂದು ತಾವು ಕೇಳಬಹುದು. ಗೇಟಿನ ಹೊರಗೆ ನಲವತ್ತು ನಿಮಿಷ ನಿಂತವನಿಗೆ ಓದುವುದಕ್ಕೆ ಬೇರೇನೂ ಇರಲಿಲ್ಲ. ಕಾರಣ, ಮೊದಲು ಶಿಫಾರಸು, ಆಮೇಲೆ ಸಂಕಟ, ಈ ಕ್ರಮದಲ್ಲಿ ನಿವೇದಿಸಿಕೊಳ್ಳುತ್ತಾನೆ.

1. ಅರ್ಜಿದಾರನ ಫೋನಿನಲ್ಲಿರುವ ಆ್ಯಪ್‌ಗಳೆಲ್ಲ ಮೊಮ್ಮಗಳು ಶೃತಿ ಹಾಕಿಕೊಟ್ಟವು. ಹಾಕಿ ಮುಗಿಸಿ ಅವಳು, "ತಾತ, ಇನ್ಮೇಲೆ ನಿಂಗೆ ಯಾರೂ ಬೇಕಾಗಲ್ಲ ನೋಡು" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೂ ಅರ್ಜಿದಾರನಿಗೆ ಆ ಮಧ್ಯಾಹ್ನ ಊಟ ಸೇರಲಿಲ್ಲ.

2. ನೀರು ಕುಡಿಸುವ ಆ್ಯಪ್. ಗಂಟೆಗೊಮ್ಮೆ "ದಯವಿಟ್ಟು ಒಂದು ಲೋಟ ನೀರು ಕುಡಿಯಿರಿ" ಎಂದು ಬಹಳ ಮರ್ಯಾದೆಯಿಂದ ಹೇಳುತ್ತದೆ. ಇದೇ ಕೆಲಸವನ್ನು ಅರ್ಜಿದಾರನ ಹೆಂಡತಿ ಅಂಜನಮ್ಮ ಮೂವತ್ತೆಂಟು ವರ್ಷ ಮಾಡಿದ್ದಳು, ಮರ್ಯಾದೆಯನ್ನು ಹೊರತುಪಡಿಸಿ. "ಕಿಡ್ನೀಲಿ ಕಲ್ಲು ಕಟ್ಕೊಂಡು ಆಸ್ಪತ್ರೆ ಸೇರ್ಕೊಳಿ, ನಾನಂತೂ ಬರಕ್ಕಿಲ್ಲ" ಎಂದು ಚೊಂಬನ್ನು ನೆಲಕ್ಕೆ ಕುಕ್ಕುತ್ತಿದ್ದಳು. ಆ ಚೊಂಬಿನ ನೀರು ಗಂಟಲಲ್ಲಿ ಇಳಿಯುತ್ತಿತ್ತು. ಆ್ಯಪ್ ಹೇಳಿದ ನೀರೂ ಇಳಿಯುತ್ತದೆ. ಆದ್ದರಿಂದ ಉಪಯುಕ್ತ.

3. ಹತ್ತು ನಿಮಿಷದಲ್ಲಿ ಸೊಪ್ಪು ತರುವ ಆ್ಯಪ್. ತಮ್ಮ ಈಜುಕೊಳ ಇರುವ ಜಾಗದಲ್ಲಿ ಅರ್ಜಿದಾರ ದಂಟಿನ ಸೊಪ್ಪು ಬೆಳೆಯುತ್ತಿದ್ದ. ಬಿತ್ತಿದ ದಿನದಿಂದ ಕೀಳುವ ದಿನಕ್ಕೆ ನಲವತ್ತು ದಿನ ಹಿಡಿಯುತ್ತಿತ್ತು. ಈಗ ಅದೇ ಸೊಪ್ಪು ಹತ್ತು ನಿಮಿಷಕ್ಕೆ ಬರುತ್ತದೆ. ಉಳಿದ ಮೂವತ್ತೊಂಬತ್ತು ದಿನ ಇಪ್ಪತ್ಮೂರು ಗಂಟೆ ಐವತ್ತು ನಿಮಿಷ ಏನು ಮಾಡಬೇಕೆಂದು ತಿಳಿಯದೆ ಅರ್ಜಿದಾರ ಜಗಲಿಯ ಮೇಲೆ ಕೂತಿರುತ್ತಾನೆ. ಸದರಿ ಆ್ಯಪ್ ಕೆಲಸವಿರುವವರಿಗೆ ಶಿಫಾರಸು.

4. ಧ್ಯಾನದ ಆ್ಯಪ್. ಕಣ್ಣು ಮುಚ್ಚಿ ಹೊಳೆದಂಡೆ ನೆನೆಸಿಕೊಳ್ಳಿ ಎಂದಿತು. ಅರ್ಜಿದಾರ ಗೊರಕೆ ಹೊಡೆದ. ಉಪಯುಕ್ತ.

5. ಪಂಚಾಂಗದ ಆ್ಯಪ್. ಇದನ್ನು ಅರ್ಜಿದಾರ ಬಲವಾಗಿ ಶಿಫಾರಸು ಮಾಡುತ್ತಾನೆ. ಅಮಾವಾಸ್ಯೆ ಎರಡು ದಿನ ಇದೆ ಎನ್ನುವಾಗಲೇ ಗಂಟೆ ಬಾರಿಸುತ್ತದೆ. ಮನೆಯಲ್ಲಿ ಕಾಳು ನೆನೆಹಾಕಲು, ಕಜ್ಜಾಯಕ್ಕೆ ಅಕ್ಕಿ ಒಣಗಿಸಲು ಅಷ್ಟು ಹೊತ್ತು ಬೇಕು. ಪ್ರತಿ ಅಮಾವಾಸ್ಯೆ ಅಂಜನಮ್ಮನ ಸಮಾಧಿಯನ್ನು ಗುಡಿಸಿ, ನೀರು ಹಾಕಿ, ಅರಿಶಿನ ಕುಂಕುಮ ಇಟ್ಟು, ಅವಳಿಗೆ ಇಷ್ಟವಾದುದನ್ನು ಎಲೆಯ ಮೇಲೆ ಬಡಿಸಿ ಎಡೆ ಇಡುವುದು ಅರ್ಜಿದಾರನ ರೂಢಿ. ಕಾಗೆ ಬಂದು ಮುಟ್ಟಿದರೆ ಅವಳು ಉಂಡಳೆಂದು ಲೆಕ್ಕ. ಹನ್ನೊಂದು ವರ್ಷದಲ್ಲಿ ಒಂದು ಅಮಾವಾಸ್ಯೆಯೂ ತಪ್ಪಿರಲಿಲ್ಲ.

6. ದಾರಿ ತೋರುವ ಆ್ಯಪ್. ಇದರ ನಕ್ಷೆಯಲ್ಲಿ ಶೃತಿ ಒಂದು ಕೆಂಪು ಗುರುತು ಹಾಕಿ "ಅಜ್ಜಿ" ಎಂದು ಹೆಸರು ಕೊಟ್ಟಿದ್ದಾಳೆ. ಗುಂಡಿ ಒತ್ತಿದರೆ "ಅಜ್ಜಿ, ನಡಿಗೆಯಲ್ಲಿ ಆರು ನಿಮಿಷ" ಎಂದು ತೋರಿಸುತ್ತದೆ. ಆರು ನಿಮಿಷದಲ್ಲಿ ಅರ್ಜಿದಾರ ತಮ್ಮ ಗೇಟಿಗೆ ಬರುತ್ತಾನೆ. ಅಡ್ಡಗಂಬ ಇಳಿದಿರುತ್ತದೆ. ಆಗ ಆ್ಯಪ್ "ನೀವು ಸೇರಬೇಕಾದ ಸ್ಥಳ ತಲುಪಿದ್ದೀರಿ" ಎಂದು ಗಟ್ಟಿಯಾಗಿ ಹೇಳುತ್ತದೆ. ಅಷ್ಟು ಜನರ ನಡುವೆ ಹಾಗೆ ಹೇಳುವುದು ಅದೊಂದೇ.

ಇನ್ನು ಸಂಕಟದ ವಿಚಾರ.

7. ಹೊಲ ಮಾರಿದವನು ಅರ್ಜಿದಾರನೇ. ಅಣ್ಣತಮ್ಮಂದಿರ ಭಾಗವಾಯಿತು, ಎಲ್ಲರೂ ಮಾರಿದರು, ಇವನೂ ಸಹಿ ಹಾಕಿದ. ಅದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ಆದರೆ ಕ್ರಯಪತ್ರದ ಒಂಬತ್ತನೇ ಪುಟದಲ್ಲಿ, ಪೂರ್ವ ಮೂಲೆಯ ಹೊಂಗೆ ಮರದ ಕೆಳಗಿನ ಹನ್ನೆರಡಡಿ ಉದ್ದ ಎಂಟಡಿ ಅಗಲದ ಸಮಾಧಿಯ ಜಾಗ ಮಾರಾಟಕ್ಕೆ ಸೇರಿಲ್ಲವೆಂದೂ, ಕುಟುಂಬದವರು ಅಲ್ಲಿಗೆ ಹೋಗಿ ಬರುವ ಹಕ್ಕು ಉಳಿಸಿಕೊಂಡಿದ್ದಾರೆಂದೂ ಬರೆಸಿದ್ದ. ಆ ಸಾಲು ಬರೆಯಿಸದೆ ಹೆಬ್ಬೆಟ್ಟನ್ನೂ ಒತ್ತುವುದಿಲ್ಲ ಎಂದು ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೂ ಕೂತಿದ್ದ. ಹಕ್ಕು ಉಳಿಯಿತು. ಹಕ್ಕಿನ ಮುಂದೆ ಗೇಟು ಬಂತು.

8. ಗೇಟು ಬಂದ ಮೇಲೂ ತೊಂದರೆ ಇರಲಿಲ್ಲ. ಯಾದಗಿರಿ ಕಡೆಯಿಂದ ಬಂದ ಸೆಕ್ಯುರಿಟಿ ಹಣಮಪ್ಪ ದೂರದಿಂದಲೇ ಕಂಡು, "ಬರ್ರಿ ಯಜಮಾನ್ರ, ಅವ್ವಗ ಶರಣಂದೆ ಅಂತ ಹೇಳ್ರಿ" ಎಂದು ಅಡ್ಡಗಂಬ ಎತ್ತುತ್ತಿದ್ದ. ಈ ವರ್ಷ ಯುಗಾದಿ ಕಳೆದ ಮೇಲೆ ತಾವು ಗೇಟಿಗೆ ಆ್ಯಪ್ ಹಾಕಿಸಿದಿರಿ. ಆ ತಿಂಗಳ ಅಮಾವಾಸ್ಯೆಗೆ ಅರ್ಜಿದಾರ ಎಡೆಯ ಕ್ಯಾರಿಯರ್, ಬಾಳೆ ಎಲೆ, ಚೊಂಬು ಹಿಡಿದು ಬಂದಾಗ ಹಣಮಪ್ಪನ ಕೈಯಲ್ಲಿ ಒಂದು ಫೋನಿತ್ತು, ಮುಖದಲ್ಲಿ ನಗುವಿರಲಿಲ್ಲ.

"ಯಜಮಾನ್ರ, ಯಾವ ಫ್ಲ್ಯಾಟಿಗೆ ಅಂತ ಬರೀಲ್ರಿ?"

"ಫ್ಲಾಟಲ್ಲ ಕಣಪ್ಪ. ಅಂಜನಿ ಹತ್ರ."

"ನನಗ ಗೊತ್ತೈತ್ರೀ, ಈ ಡಬ್ಬಿಗೆ ಗೊತ್ತಿಲ್ಲ. ಇದ್ರಾಗ ಐದ ನಮೂನಿ ಮಂದಿ ಅದಾರ. ಗೆಸ್ಟ್, ಡೆಲಿವರಿ, ಕ್ಯಾಬ್, ಮನಿಕೆಲಸದವರು, ರಿಪೇರಿ. ಇದ್ರಾಗ ನೀವು ಯಾರು ಹೇಳ್ರಿ."

ಅರ್ಜಿದಾರ ಐದನ್ನೂ ಬೆರಳು ಮಡಿಸಿ ಎಣಿಸಿ ನೋಡಿದ. ಐದರಲ್ಲಿ ಅವನು ಯಾರೂ ಅಲ್ಲ. ಕೊನೆಗೆ ಹಣಮಪ್ಪ ಕ್ಯಾರಿಯರ್ ನೋಡಿ, "ಊಟ ತಂದೀರಲ್ಲ, ಡೆಲಿವರಿ ಅಂತ ಹಾಕ್ತೀನ್ರಿ. ಬಿ ಮುನ್ನೂರ ನಾಕರ ಮೇಡಂ ನೋಡದನ ಓಕೆ ಒತ್ತತಾರ" ಎಂದ. ಅವನು ಒಳ್ಳೆಯದಕ್ಕೇ ಮಾಡಿದ್ದು. ಈ ಅರ್ಜಿಯ ಕಾರಣದಿಂದ ಅವನ ಕೆಲಸಕ್ಕೆ ಸಂಚಕಾರ ಬಾರದಂತೆ ನೋಡಿಕೊಳ್ಳಬೇಕಾಗಿ ಇಲ್ಲಿಯೇ ಕೋರಿದೆ.

9. ತಮ್ಮ ನಿಯಮದಂತೆ ಡೆಲಿವರಿಯ ಊಟವನ್ನು ಗೇಟಿನ ಪಕ್ಕದ ಕಪಾಟಿನಲ್ಲಿ ಇಡಬೇಕು. ಅದರ ಮೇರೆಗೆ ಕ್ಯಾರಿಯರ್ ಕಪಾಟಿಗೆ ಹೋಯಿತು, ಮೇಡಂ ಓಕೆ ಒತ್ತಿದ್ದರಿಂದ ಅಡ್ಡಗಂಬ ಎದ್ದು ಅರ್ಜಿದಾರ ಸಮಾಧಿ ಗುಡಿಸಲು ಹೋದ. ಗುಡಿಸಿ, ನೀರು ಹಾಕಿ, ಎಲೆ ಹಾಸಿ, ಕ್ಯಾರಿಯರ್ ತರಲು ಬಂದರೆ ಕಪಾಟು ಖಾಲಿ. ಬಿ-304ರಲ್ಲಿ ಬಾಡಿಗೆಗಿದ್ದ ಮೈತ್ರೇಯಿ ಎಂಬ ಹುಡುಗಿ, ಹಸಿದವಳು, ಬೇರೆಲ್ಲಿಂದಲೋ ಊಟ ತರಿಸಿದ್ದವಳು, "ನಿಮ್ಮ ಡೆಲಿವರಿ ಬಂದಿದೆ" ಎಂಬ ಸಂದೇಶ ನೋಡಿ ಇಳಿದು ಬಂದು ಎತ್ತಿಕೊಂಡು ಹೋಗಿದ್ದಳು.

ಅದರಲ್ಲಿ ಎರಡು ರಾಗಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ವಡೆ, ಕಜ್ಜಾಯ ಇದ್ದವು. ಮೇಲಿನ ಡಬ್ಬಿಯಲ್ಲಿ ಎಲೆಅಡಿಕೆ, ಜೊತೆಗೆ ಅಂಜನಮ್ಮ ಬಿಡಲಾರದೆ ಕೊನೆಯವರೆಗೂ ಹಾಕಿಕೊಳ್ಳುತ್ತಿದ್ದ ಚಿಟಿಕೆ ಕಡ್ಡಿಪುಡಿ, ಅಂದರೆ ಹೊಗೆಸೊಪ್ಪು.

ಮುಕ್ಕಾಲು ಗಂಟೆಯ ಮೇಲೆ ಮೈತ್ರೇಯಿ ತೊಳೆದ ಕ್ಯಾರಿಯರ್ ಹಿಡಿದು ಬಂದಳು. ನಡಿಗೆ ಸ್ವಲ್ಪ ಓಲಾಡುತ್ತಿತ್ತು.

"ಅಂಕಲ್, ಯಾವ ಕಿಚನ್ ನಿಮ್ದು? ನಾನು ಆರ್ಡರ್ ಮಾಡಿದ್ದು ವೆಜ್ ಬಿರಿಯಾನಿ, ಪರವಾಗಿಲ್ಲ. ಸಾರು ಸಖತ್ತಾಗಿತ್ತು. ಆದ್ರೆ ಆ ಮೌತ್ ಫ್ರೆಶ್‌ನರ್ ತುಂಬಾ ಸ್ಟ್ರಾಂಗು, ತಲೆ ಗಿರ್ ಅಂತಿದೆ. ಆ್ಯಪ್ ಹೆಸರು ಹೇಳಿ, ರೇಟಿಂಗ್ ಕೊಡ್ತೀನಿ."

"ಆ್ಯಪೂ ಇಲ್ಲ, ಏನೂ ಇಲ್ಲ ಕಣಮ್ಮ. ಅದು ನಮ್ಮನೆಯವಳಿಗೆ ತಂದಿದ್ದು."

"ಅಯ್ಯೋ ಸಾರಿ ಅಂಕಲ್, ಆಂಟಿ ಊಟ ತಿಂದ್‌ಬಿಟ್ನಾ? ಯಾವ ಫ್ಲಾಟು? ಈಗ್ಲೇ ಬೇರೆ ತರಿಸ್ಕೊಡ್ತೀನಿ."

ಅರ್ಜಿದಾರ ಹೊಂಗೆ ಮರದ ಕಡೆ ಕೈ ತೋರಿಸಿದ. ಅಲ್ಲಿ ಖಾಲಿ ಬಾಳೆ ಎಲೆ ಗಾಳಿಗೆ ಏಳುತ್ತಿತ್ತು. ಹುಡುಗಿ ಆ ಎಲೆಯನ್ನೂ ಕೈಯಲ್ಲಿದ್ದ ಕ್ಯಾರಿಯರನ್ನೂ ನೋಡಿದಳು. ಅರ್ಥವಾದ ಮೇಲೆ ಅವಳು ಅಲ್ಲೇ ಕಲ್ಲಿನ ಮೇಲೆ ಕೂತು ಅಳತೊಡಗಿದಳು. ಅವಳನ್ನು ಸಮಾಧಾನ ಮಾಡುವುದರಲ್ಲಿ ಅರ್ಜಿದಾರನಿಗೆ ತನ್ನ ದುಃಖ ಮರೆತೇಹೋಯಿತು.

"ಅಳಬೇಡ್ವೇ ತಾಯಿ. ಅವಳು ಇದ್ದಾಗ್ಲೂ ಯಾರಿಗಾದ್ರೂ ಇಕ್ಕದೆ ಉಂಡವಳಲ್ಲ. ಕಾಗೆ ತಿಂದ್ರೂ ಅವಳಿಗೇ, ನೀನು ತಿಂದ್ರೂ ಅವಳಿಗೇ."

ಇದು ಸಮಾಧಾನಕ್ಕೆ ಹೇಳಿದ ಮಾತಲ್ಲ. ತಮ್ಮ ಬಾಲ್ಕನಿಗಳಿಗೆ ಪಾರಿವಾಳದ ಬಲೆ ಕಟ್ಟಿದ ಮೇಲೆ ಆ ಮೂಲೆಗೆ ಕಾಗೆ ಬರುವುದೇ ಅಪರೂಪವಾಗಿತ್ತು. ಎರಡು ವರ್ಷದಲ್ಲಿ ಅಂಜನಮ್ಮನ ಎಡೆಯನ್ನು ಅಷ್ಟು ರುಚಿಯಿಂದ ಉಂಡವರು ಮೈತ್ರೇಯಿ ಒಬ್ಬಳೇ.

10. ಆಮೇಲಿನ ಮೂರು ಅಮಾವಾಸ್ಯೆ ಮೈತ್ರೇಯಿ ತನ್ನ ಫೋನಿನಲ್ಲಿ ಅರ್ಜಿದಾರನನ್ನು "ಗೆಸ್ಟ್" ಎಂದು ಒಪ್ಪಿಕೊಂಡಳು. ಅರ್ಜಿದಾರ ಎರಡು ಎಲೆ ತರುತ್ತಿದ್ದ, ಒಂದು ಅಂಜನಮ್ಮನಿಗೆ, ಒಂದು ಈ ಹುಡುಗಿಗೆ, ಕಡ್ಡಿಪುಡಿ ಮೊದಲನೆಯದಕ್ಕೆ ಮಾತ್ರ. ಭೀಮನ ಅಮಾವಾಸ್ಯೆಯ ದಿನ, ಹೆಂಡತಿ ಗಂಡನಿಗೆ ಪೂಜೆ ಮಾಡುವ ದಿನ ಇದು ಎಂದು ತಿಳಿದು ಆ ಹುಡುಗಿ ಅರ್ಜಿದಾರನ ಕೈಗೆ ಒಂದು ಸೇವಂತಿಗೆ ಕೊಟ್ಟು, "ಆಂಟಿ ಕೊಡಕ್ ಹೇಳಿದ್ರು" ಎಂದಳು. ಆ ಹೂ ಇನ್ನೂ ಅರ್ಜಿದಾರನ ಕನ್ನಡಕದ ಡಬ್ಬಿಯಲ್ಲಿದೆ. ಸದರಿ ಸಂಗತಿ ವಿಷಯಕ್ಕೆ ಸಂಬಂಧಿಸಿದ್ದಲ್ಲ, ದಾಖಲೆಗಾಗಿ ಬರೆದಿದೆ.

11. ಶ್ರಾವಣದಲ್ಲಿ ಮೈತ್ರೇಯಿ ಮನೆ ಖಾಲಿ ಮಾಡಿ ಪುಣೆಗೆ ಹೋದಳು. ಮೊನ್ನೆಯ ಅಮಾವಾಸ್ಯೆಗೆ ಅರ್ಜಿದಾರ ಬಂದಾಗ ಹಣಮಪ್ಪ ಒಂದಾದ ಮೇಲೊಂದು ಫ್ಲಾಟಿನ ಸಂಖ್ಯೆ ಒತ್ತಿದ. ಬಿ-304ಕ್ಕೆ ಬಂದ ಹೊಸಬರು ನಿರಾಕರಿಸಿದರು. ತಪ್ಪಲ್ಲ, ಅವರಿಗೆ ಇವನ ಪರಿಚಯವಿಲ್ಲ. ಉಳಿದವರು ಉತ್ತರಿಸಲಿಲ್ಲ. ಅಷ್ಟರಲ್ಲಿ ತಮ್ಮ ಕಾರು ಹೊರಗೆ ಬಂತು. ತಾವು ಗಾಜು ಇಳಿಸಿ ಹೇಳಿದ್ದು ಅರ್ಜಿದಾರನಿಗೆ ಅಕ್ಷರಶಃ ನೆನಪಿದೆ.

"ಅಂಕಲ್, ಪರ್ಸನಲ್ಲಾಗಿ ನಂಗೇನೂ ಪ್ರಾಬ್ಲಂ ಇಲ್ಲ. ಬಟ್ ಸಿಸ್ಟಮ್ಮಲ್ಲಿ ಆ ಆಪ್ಷನ್ನೇ ಇಲ್ಲ. ನೀವು ನೋಡಕ್ಕೆ ಹೋಗೋರು ಆ್ಯಪಲ್ಲಿ ರೆಸಿಡೆಂಟ್ ಆಗಿರ್ಬೇಕು, ಅವ್ರೇ ಅಪ್ರೂವ್ ಮಾಡ್ಬೇಕು. ಏನಿದ್ರೂ ರೈಟಿಂಗಲ್ಲಿ ಕೊಡಿ, ಕಮಿಟೀಲಿ ಇಡ್ತೀನಿ."

ಗಾಜು ಏರಿತು, ಕಾರು ಹೋಯಿತು. ಅರ್ಜಿದಾರ ಗೇಟಿನ ಮುಂದೆ ಅತ್ತಿಂದಿತ್ತ ಓಡಾಡಿದ. ಜೇಬಿನಲ್ಲಿದ್ದ ಹೆಜ್ಜೆ ಎಣಿಸುವ ಆ್ಯಪ್ (ಶಿಫಾರಸಿನಲ್ಲಿ ಬಿಟ್ಟುಹೋಗಿತ್ತು, ಸೇರಿಸಿಕೊಳ್ಳತಕ್ಕದ್ದು) ಗಂಟೆ ಬಾರಿಸಿ, "ಅಭಿನಂದನೆಗಳು, ಇಂದಿನ ಗುರಿ ಮುಟ್ಟಿದ್ದೀರಿ" ಎಂದು ಪದಕದ ಚಿತ್ರ ತೋರಿಸಿತು.

ಎಡೆಯನ್ನು ವಾಪಸು ಮನೆಗೆ ಒಯ್ಯುವ ಪದ್ಧತಿ ಇಲ್ಲ. ಕಾರಣ, ಎದುರಿನ ಟ್ರಾನ್ಸ್‌ಫಾರ್ಮರ್ ಕಟ್ಟೆಯ ಮೇಲೆ ಎಲೆ ಹಾಸಿ ಬಡಿಸಿದ. ಒಳಗೆ ಬಾರದ ಕಾಗೆ ಅಲ್ಲಿ ಎರಡೇ ನಿಮಿಷಕ್ಕೆ ಬಂತು, ಮುಟ್ಟಿತು. ಶಾಸ್ತ್ರ ಮುಗಿಯಿತು. ಅರ್ಜಿದಾರನಿಗೆ ಮಾತ್ರ ಮುಗಿಯಲಿಲ್ಲ. ಅವನು ಹೊಲದಿಂದ ಯಾವ ಹೊತ್ತಿಗೆ ಬಂದರೂ ಅಂಜನಮ್ಮ ಒಳಗಿನಿಂದಲೇ, "ಬಂದ್ರಾ? ಕೈಕಾಲು ತೊಳ್ಕೊಳಿ, ಮುದ್ದೆ ಆರೋಯ್ತದೆ" ಎನ್ನುತ್ತಿದ್ದಳು. ಮೊನ್ನೆ ಅವನು ಅವಳ ಬಾಗಿಲವರೆಗೆ ಬಂದು, ಮುಖ ತೋರಿಸದೆ, ಊಟವನ್ನು ಬೀದಿಯಲ್ಲಿಟ್ಟು ಹಿಂದಿರುಗಿದ. ಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಅತ್ತ. ಎಪ್ಪತ್ತೊಂದು ವರ್ಷದವನು ಹಾಗೆ ಅಳುವುದಕ್ಕೆ ಇನ್ನೂ ಆ್ಯಪ್ ಬಂದಿಲ್ಲ.

12. ನಾಳೆ ತಮ್ಮ ಆವರಣದಲ್ಲಿ ಗಣೇಶನನ್ನು ಕೂರಿಸುತ್ತೀರಿ. ಆರಡಿಯ ಮೂರ್ತಿ ನಿನ್ನೆಯೇ ಬಂತಂತೆ. ಯಾರೆಂದು ಬರೆದೆಯಪ್ಪ ಎಂದು ಕೇಳಿದ್ದಕ್ಕೆ ಹಣಮಪ್ಪ, "ಗಣಪ್ಪಗೂ ಡೆಲಿವರಿ ಅಂತನ ಹಾಕೀನ್ರಿ" ಎಂದ. ತಾಯಿಯ ಬಾಗಿಲು ಕಾಯಲು ನಿಂತು, ಬಂದ ಯಜಮಾನನನ್ನೇ ಗುರುತು ಹಿಡಿಯದೆ ತಡೆದವನು ಆ ದೇವರು. ಆ ಪ್ರಕರಣದಲ್ಲಿ ಮುಂದೇನಾಯಿತು ಎಂಬುದು ಮೂರ್ತಿಯ ಕತ್ತಿನ ಮೇಲೆಯೇ ಕಾಣುತ್ತದೆ. ಅರ್ಜಿದಾರ ಶಿವನಲ್ಲ, ಅವನ ಕೈಯಲ್ಲಿ ಇರುವುದು ಕ್ಯಾರಿಯರ್ ಮಾತ್ರ. ಆದರೂ ಪೂಜೆಯ ಹೊತ್ತಿನಲ್ಲಿ ತಾವು ಒಮ್ಮೆ ಯೋಚಿಸಬಹುದು.

13. ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಹಾಗೂ ತಮ್ಮ ಮಾತಿನ ಮೇರೆಗೇ, ಅರ್ಜಿದಾರನ ಪತ್ನಿ ಅಂಜನಮ್ಮನವರನ್ನು ಗೇಟಿನ ಆ್ಯಪ್‌ನಲ್ಲಿ ಮೂನ್‌ಲೀಫ್ ಫಾರ್ಮ್ಸ್‌ನ ನಿವಾಸಿಯೆಂದು ನೋಂದಾಯಿಸಬೇಕಾಗಿ ಪ್ರಾರ್ಥನೆ. ಅವರ ಅರ್ಹತೆಗಳು ಹೀಗಿವೆ.

ಅ) ಸದರಿಯವರು ಹನ್ನೊಂದು ವರ್ಷದಿಂದ ಇದೇ ವಿಳಾಸದಲ್ಲಿದ್ದಾರೆ. ಕಟ್ಟಡಕ್ಕೆ ಐದು ವರ್ಷ. ಆದ ಕಾರಣ ತಮ್ಮೆಲ್ಲರಿಗಿಂತ ಹಳೆಯ ನಿವಾಸಿ.

ಆ) ಇಲ್ಲಿಯವರೆಗೆ ಅವರು ಟ್ಯಾಂಕರ್ ನೀರು ಬಳಸಿಲ್ಲ, ಬೇರೆಯವರ ಜಾಗದಲ್ಲಿ ಕಾರು ನಿಲ್ಲಿಸಿಲ್ಲ, ಬಾಲ್ಕನಿಯಿಂದ ಬಟ್ಟೆ ನೇತುಹಾಕಿಲ್ಲ, ಸಂಘದ ವಾಟ್ಸಾಪ್ ಗುಂಪಿನಲ್ಲಿ ಯಾರ ಜೊತೆಯೂ ಜಗಳವಾಡಿಲ್ಲ. ಇಂಥ ನಿವಾಸಿ ತಮಗೆ ಇನ್ನೊಬ್ಬರು ಸಿಗುವುದು ಕಷ್ಟ.

ಇ) ಫ್ಲಾಟ್ ಸಂಖ್ಯೆಯ ಕಾಲಂನಲ್ಲಿ "ಹೊಂಗೆ ಮರ" ಎಂದು ಬರೆಯಬಹುದು.

ಈ) ಅವರ ಬಳಿ ಫೋನ್ ಇಲ್ಲ. ಗೇಟಿನಿಂದ ಕೇಳಿದಾಗ ಅವರು ಉತ್ತರಿಸುವುದಿಲ್ಲ. ಉತ್ತರ ಬಾರದಿದ್ದರೆ ತಮ್ಮ ಆ್ಯಪ್ ನಿರಾಕರಣೆ ಎಂದು ತಿಳಿಯುತ್ತದೆ. ಮೌನಂ ಸಮ್ಮತಿ ಲಕ್ಷಣಂ ಎಂದು ನಮ್ಮ ಹಿರಿಯರು ತಿಳಿದಿದ್ದರು. ಇವರೊಬ್ಬರ ವಿಷಯದಲ್ಲಿ ಹಿರಿಯರ ಲೆಕ್ಕವನ್ನೇ ಹಿಡಿಯಬೇಕಾಗಿ ಕೋರಿದೆ. ಬದುಕಿದ್ದಾಗ ಅವರು ಅರ್ಧ ಗಂಟೆಯೂ ಸುಮ್ಮನಿದ್ದವರಲ್ಲ ಎಂಬುದನ್ನು ಗಮನಿಸಿದರೆ, ಈ ಮೌನಕ್ಕೆ ಎಷ್ಟು ಬೆಲೆ ಎಂಬುದು ತಮಗೆ ಮನವರಿಕೆಯಾಗುತ್ತದೆ.

ಮಹಾಲಯ ಅಮಾವಾಸ್ಯೆಗೆ ಇನ್ನು ಇಪ್ಪತ್ತೇಳು ದಿನವಿದೆ ಎಂದು ಪಂಚಾಂಗದ ಆ್ಯಪ್ ತಿಳಿಸಿದೆ. ಅಷ್ಟರೊಳಗೆ ಕ್ರಮ ಜರುಗಿಸಿದರೆ ಸ್ಮರಣ ಸಂಚಿಕೆಯ ಶಿಫಾರಸಿನ ಪಟ್ಟಿಯಲ್ಲಿ ತಮ್ಮ ಗೇಟಿನ ಆ್ಯಪನ್ನೂ ಸೇರಿಸಲು ಅರ್ಜಿದಾರ ಸಿದ್ಧನಿದ್ದಾನೆ.

ಇಂತಿ,
ಗೇಟಿನ ಹೊರಗಿನ ತಮ್ಮ ವಿಶ್ವಾಸಿ,
ಚಿಕ್ಕಬೈರಪ್ಪ

ಲಗತ್ತುಗಳು:
1) ಕ್ರಯಪತ್ರದ ಒಂಬತ್ತನೇ ಪುಟದ ನಕಲು.
2) ನಕ್ಷೆಯಲ್ಲಿ "ಅಜ್ಜಿ" ಎಂದು ಗುರುತಿಸಿದ ಜಾಗದ ಮುದ್ರಿತ ಪ್ರತಿ.
3) ಮೈತ್ರೇಯಿ ಪುಣೆಯಿಂದ ಕಳಿಸಿದ ಸಂದೇಶ: "ಬಸ್ಸಾರಿಗೆ ಐದಕ್ಕೆ ಐದು. ಆಂಟೀನ ಕೇಳಿದೆ ಅಂತ ಹೇಳಿ."
4) ಅಂಜನಮ್ಮನವರ ಭಾವಚಿತ್ರ, ಎರಡು. ಒಂದರಲ್ಲಿ ಕಣ್ಣು ಮುಚ್ಚಿದ್ದಾರೆ, ಇನ್ನೊಂದರಲ್ಲಿ ಅರ್ಜಿದಾರನನ್ನು ಗದರುತ್ತಿದ್ದಾರೆ. ಎರಡನೆಯದನ್ನು ಬಳಸತಕ್ಕದ್ದು.
5) ಕಜ್ಜಾಯ, ಆರು. ಸಮಿತಿಯ ಪರಿಶೀಲನೆಗಾಗಿ.

ವಿಶೇಷ ಸೂಚನೆ: ಹನ್ನೆರಡಡಿ ಎಂಟಡಿ ಜಾಗದಲ್ಲಿ ಅಂಜನಮ್ಮನವರ ಎಡಪಕ್ಕ ಇನ್ನೊಬ್ಬರಿಗೆ ಸ್ಥಳವಿದೆ. ಅದನ್ನು ಅರ್ಜಿದಾರ ಹನ್ನೊಂದು ವರ್ಷದ ಹಿಂದೆಯೇ ತನಗಾಗಿ ಬಿಡಿಸಿಟ್ಟಿದ್ದಾನೆ. ಅವನು ಅಲ್ಲಿಗೆ ಬರುವ ದಿನ ನಡೆದು ಬರುವುದಿಲ್ಲ, ನಾಲ್ಕು ಜನ ಹೊತ್ತು ತರುತ್ತಾರೆ. ಅವರ ಕೈ ಖಾಲಿ ಇರುವುದಿಲ್ಲವಾದ ಕಾರಣ ಒಟಿಪಿ ಕೇಳಬಾರದು. ಅಂದು ಅರ್ಜಿದಾರನನ್ನು ಡೆಲಿವರಿ ಎಂದು ನಮೂದಿಸಬಾರದು. ಒಳಗೆ ಬಂದ ಸಮಯವನ್ನು ಹಣಮಪ್ಪ ಬರೆದುಕೊಳ್ಳಲಿ, ಹೊರಗೆ ಹೋದ ಸಮಯದ ಕಾಲಂ ಖಾಲಿ ಬಿಡಬೇಕಾಗಿ ವಿನಂತಿ.